ಲಂಡನ್ನಿನಲ್ಲಿ ಒಂದು ವಾರ: ನಾಟಕ ಮೊದಲು, ಊರು ಅದರ ಸುತ್ತ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬ್ರಿಟನ್ನಿಗೆ ಓದಲು ಹೋಗುವವರಲ್ಲಿ ಅನೇಕರು ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಹೋಗುತ್ತಾರೆ. ತರಗತಿ, ಅಸೈನ್‌ಮೆಂಟ್, ಅಂಗಡಿಯಲ್ಲೋ ಗೋದಾಮಿನಲ್ಲೋ ವಾರಕ್ಕೆ ಕೆಲವು ತಾಸಿನ ಕೆಲಸ, ಅಡುಗೆ ಇವುಗಳ ನಡುವೆ ಆ ವರ್ಷ ಹೇಗೆ ಮುಗಿಯಿತೆಂಬುದೇ ತಿಳಿಯುವುದಿಲ್ಲ. ಊರಿಗೆ ಮರಳಿದ ಮೇಲೆ ಲಂಡನ್ನಿನಲ್ಲಿ ಏನು ನೋಡಿದೆ ಎಂದು ಕೇಳಿದರೆ ಗಡಿಯಾರದ ಗೋಪುರ, ದೊಡ್ಡ ಚಕ್ರ, ಕೆಂಪು ಬಸ್ಸು ಎಂಬ ಮೂರು ಉತ್ತರಗಳು ಬರುತ್ತವೆ. ಅದು ನನಗೆ ಬಹಳ ಕೊರತೆಯಾಗಿ ತೋರುತ್ತದೆ, ಏಕೆಂದರೆ ನಾವು ನಾಟಕದ ಸೀಮೆಯವರು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲಾಗಿ ನಾಟಕ ಕಂಪನಿಗಳು ಬೀಡುಬಿಟ್ಟಿರುವುದನ್ನು, ಊರಿನ ಕಟ್ಟೆಯ ಮುಂದೆ ರಾತ್ರಿಯಿಡೀ ಪಾರಿಜಾತದ ಆಟ ನಡೆಯುವುದನ್ನು ನೋಡಿ ಬೆಳೆದವರು, ಜಗತ್ತಿನ ದೊಡ್ಡ ನಾಟಕದ ಊರುಗಳಲ್ಲಿ ಒಂದಕ್ಕೆ ಹೋಗಿ ಒಂದೂ ನಾಟಕ ನೋಡದೆ ಬರಬಾರದು.

ನಾನು ವಿಜಯಪುರದವನು, ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಓದಿದವನು. ಪರೀಕ್ಷೆ ಮುಗಿದು ಸಂಶೋಧನ ಪ್ರಬಂಧದ ಕೆಲಸ ಆರಂಭವಾಗುವ ಮುನ್ನ ಸಿಕ್ಕ ಒಂದು ವಾರವನ್ನು ಲಂಡನ್ನಿನಲ್ಲಿ ಕಳೆದೆ. ಆ ವಾರದ ಅನುಭವದಿಂದಲೂ, ನಂತರ ಹೋದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದ ಮಾತುಗಳಿಂದಲೂ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಇದರಲ್ಲಿ ಮುಖ್ಯ ಸೂಚನೆ ಒಂದೇ: ಮೊದಲು ಸಂಜೆಯ ನಾಟಕಗಳನ್ನು ಗೊತ್ತುಮಾಡಿಕೊಳ್ಳಿ, ಹಗಲಿನ ತಿರುಗಾಟವನ್ನು ಆಯಾ ರಂಗಮಂದಿರದ ಸುತ್ತಮುತ್ತ ಜೋಡಿಸಿಕೊಳ್ಳಿ. ಸ್ಥಳಗಳ ಪಟ್ಟಿ ಮಾಡಿಕೊಂಡು ಹೊರಟವರು ಸಂಜೆಯ ಹೊತ್ತಿಗೆ ದಣಿದು ಕೋಣೆ ಸೇರುತ್ತಾರೆ, ನಾಟಕ ನಾಳೆಗೆ ಹೋಗುತ್ತದೆ, ನಾಳೆ ಮತ್ತೆ ನಾಳೆಗೆ ಹೋಗುತ್ತದೆ.

ಯಾವ ವಾರ?

ಮೇ ಅಥವಾ ಜೂನ್ ತಿಂಗಳ ವಾರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕೆಲವು ವಿಶ್ವವಿದ್ಯಾಲಯಗಳು ನವೆಂಬರಿನಲ್ಲೂ ಫೆಬ್ರುವರಿಯಲ್ಲೂ ತರಗತಿಗಳಿಲ್ಲದ ಓದಿನ ವಾರವನ್ನು ಕೊಡುತ್ತವೆ. ಆದರೆ ಡಿಸೆಂಬರಿನ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ 4ರ ಹೊತ್ತಿಗೆ ಕತ್ತಲಾಗುತ್ತದೆ. ಜೂನಿನಲ್ಲಿ ರಾತ್ರಿ 9 ದಾಟಿದರೂ ಬೆಳಕಿರುತ್ತದೆ. ಷೇಕ್ಸ್‌ಪಿಯರನ ಕಾಲದ ಮಾದರಿಯಲ್ಲಿ ಕಟ್ಟಿದ ಬಯಲು ರಂಗಮಂದಿರವಾದ ಗ್ಲೋಬ್‌ನಲ್ಲಿ ನಾಟಕಗಳು ನಡೆಯುವುದೂ ವಸಂತದ ಕೊನೆಯಿಂದ ಅಕ್ಟೋಬರಿನವರೆಗೆ ಮಾತ್ರ. ಚಳಿಗಾಲದಲ್ಲಿ ಹೋಗುವುದು ಅನಿವಾರ್ಯವಾದರೆ ಅದೇ ಆವರಣದಲ್ಲಿ 2014ರಲ್ಲಿ ತೆರೆದ ಚಿಕ್ಕ ಒಳಾಂಗಣ ರಂಗಮಂದಿರವಿದೆ. ಅಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ನಾಟಕವಾಡುತ್ತಾರೆ.

ವಾರವನ್ನು ಸೋಮವಾರ ಆರಂಭಿಸಿ. ಬಸ್ಸು ಮತ್ತು ಮೆಟ್ರೊಗಳಲ್ಲಿ ಬ್ಯಾಂಕ್ ಕಾರ್ಡನ್ನೋ ಆಯ್ಸ್ಟರ್ ಎಂಬ ಪ್ರಯಾಣದ ಕಾರ್ಡನ್ನೋ ಮುಟ್ಟಿಸಿ ಪ್ರಯಾಣಿಸುವಾಗ ಒಂದು ದಿನಕ್ಕೂ ಒಂದು ವಾರಕ್ಕೂ ಗರಿಷ್ಠ ಮೊತ್ತದ ಮಿತಿಯಿರುತ್ತದೆ, ಅದನ್ನು ಮುಟ್ಟಿದ ಮೇಲೆ ಹಣ ಕಡಿತವಾಗುವುದಿಲ್ಲ. ಆ ವಾರದ ಲೆಕ್ಕ ಸೋಮವಾರದಿಂದ ಭಾನುವಾರಕ್ಕೆ ನಡೆಯುವುದರಿಂದ ಗುರುವಾರ ಬಂದಿಳಿದವರಿಗೆ ಅದರ ಪೂರ್ಣ ಲಾಭ ಸಿಗದು.

ಟಿಕೆಟ್ಟಿನ ಕೆಲಸ

ಲಂಡನ್ನಿಗೆ ಹೊರಡುವ ಮೂರು ವಾರ ಮೊದಲೇ ಈ ಕೆಲಸಕ್ಕೆ ಕೂರಬೇಕು. ಲಂಡನ್ನಿನ ನಾಟಕಗಳನ್ನು ವಿದ್ಯಾರ್ಥಿಯ ಲೆಕ್ಕದಲ್ಲಿ ಮೂರು ಬಗೆಯಾಗಿ ನೋಡಬಹುದು. ಒಂದು, ವೆಸ್ಟ್ ಎಂಡ್ ಎಂಬ ಪ್ರದೇಶದ ನಲವತ್ತರಷ್ಟು ವೃತ್ತಿ ರಂಗಮಂದಿರಗಳು. ಇವು ನಮ್ಮ ಕಂಪನಿ ನಾಟಕಗಳಂತೆ ಟಿಕೆಟ್ಟಿನ ಗಳಿಕೆಯಿಂದಲೇ ನಡೆಯುವಂಥವು. ಹಾಡು ಕುಣಿತಗಳ ನಾಟಕಗಳು ಇಲ್ಲಿ ಹೆಚ್ಚು. ಒಂದು ಕೊಲೆ ರಹಸ್ಯದ ನಾಟಕವಂತೂ 1952ರಲ್ಲಿ ಆರಂಭವಾಗಿ, ಕೊರೊನಾ ಕಾಲದಲ್ಲಿ ನಿಂತದ್ದನ್ನು ಬಿಟ್ಟರೆ, ಇಂದಿಗೂ ನಡೆಯುತ್ತಿದೆ. ಎರಡು, ಸರಕಾರದ ಅನುದಾನವೂ ಇರುವ ನ್ಯಾಷನಲ್ ಥಿಯೇಟರ್‌ನಂಥ ಸಂಸ್ಥೆಗಳು. ಮೂರು, ಗ್ಲೋಬ್.

ನ್ಯಾಷನಲ್ ಥಿಯೇಟರಿನಲ್ಲಿ 16ರಿಂದ 25 ವಯಸ್ಸಿನವರಿಗೆ ಬೇರೆಯೇ ಅಗ್ಗದ ಟಿಕೆಟ್‌ಗಳಿವೆ. ಅದಕ್ಕೆ ಮುಂಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬೇಕು. ವಯಸ್ಸು ದಾಟಿದವರು ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಮುಂದಿನ ವಾರದ ಪ್ರದರ್ಶನಗಳಿಗಾಗಿ ಕಡಿಮೆ ಬೆಲೆಯಲ್ಲಿ ಬಿಡುಗಡೆಯಾಗುವ ಟಿಕೆಟ್ಟಿಗೆ ಕಾಯಬಹುದು. ಗ್ಲೋಬ್‌ನಲ್ಲಿ ನಿಂತು ನೋಡುವ ಟಿಕೆಟ್ಟಿನ ಬೆಲೆ 5 ಪೌಂಡಿನಿಂದ ಆರಂಭವಾಗುತ್ತದೆ, ಅದನ್ನು ಮೊದಲೇ ಕೊಂಡಿಡಿ. ವೆಸ್ಟ್ ಎಂಡ್ ಟಿಕೆಟ್ಟನ್ನು ಮಾತ್ರ ಮೊದಲೇ ಕೊಳ್ಳುವ ಅವಸರ ಬೇಡ. ಲೆಸ್ಟರ್ ಸ್ಕ್ವೇರ್‌ನಲ್ಲಿ ಟಿಕೆಟಿಎಸ್ ಎಂಬ ಕಟ್ಟೆಯಿದೆ. ರಂಗಮಂದಿರಗಳ ಒಕ್ಕೂಟವೇ ನಡೆಸುವ ಈ ಮಳಿಗೆಯಲ್ಲಿ ಆ ದಿನದ ಉಳಿದ ಟಿಕೆಟ್‌ಗಳು ಅರ್ಧ ಬೆಲೆಗೂ ಸಿಗುವುದುಂಟು. ಅದೇ ಚೌಕದ ಸುತ್ತ ಅದೇ ಬಗೆಯ ಫಲಕ ಹಾಕಿಕೊಂಡ ಬೇರೆ ಅಂಗಡಿಗಳೂ ಇರುವುದರಿಂದ ಹೆಸರನ್ನು ಸರಿಯಾಗಿ ಓದಿಕೊಂಡು ಸಾಲಿನಲ್ಲಿ ನಿಲ್ಲಿ.

ಅಗ್ಗದ ಟಿಕೆಟ್ಟಿನ ಕೆಳಗೆ ‘ರಿಸ್ಟ್ರಿಕ್ಟೆಡ್ ವ್ಯೂ’ (ರಂಗ ಪೂರ್ತಿ ಕಾಣದ ಆಸನ) ಎಂದು ಸಣ್ಣಕ್ಷರದಲ್ಲಿ ಬರೆದಿದೆಯೇ ಎಂಬುದನ್ನು ತಪ್ಪದೆ ನೋಡಬೇಕು. ಅಲ್ಲಿಯ ಹಳೆಯ ರಂಗಮಂದಿರಗಳಲ್ಲಿ ಮೇಲಂತಸ್ತುಗಳನ್ನು ಹೊರಲು ಕಬ್ಬಿಣದ ಕಂಬಗಳಿವೆ. ನನ್ನ ಮೊದಲ ನಾಟಕಕ್ಕೆ ನಾನು ಬೆಲೆಯೊಂದನ್ನೇ ನೋಡಿ ಕೊಂಡ ಕುರ್ಚಿ ಅಂಥ ಕಂಬದ ಹಿಂದಿತ್ತು. ನಾಯಕ ಸಾಯುವ ದೃಶ್ಯ ರಂಗದ ಬಲಮೂಲೆಯಲ್ಲಿ ನಡೆದಾಗ ಸುತ್ತಲಿನವರು ಬಿಕ್ಕುವುದನ್ನು ಕೇಳಿಸಿಕೊಂಡೆನೇ ಹೊರತು ನನಗೆ ಏನೂ ಕಾಣಲಿಲ್ಲ. ನೆಲಮಟ್ಟದ ಆಸನಗಳನ್ನು ಸ್ಟಾಲ್ಸ್ ಎಂದೂ, ಮೊದಲ ಅಂತಸ್ತನ್ನು ಡ್ರೆಸ್ ಸರ್ಕಲ್ ಎಂದೂ, ಅದರ ಮೇಲಿನದನ್ನು ಅಪ್ಪರ್ ಸರ್ಕಲ್ ಎಂದೂ ಕರೆಯುತ್ತಾರೆ. ಕಡಿಮೆ ಹಣದಲ್ಲಿ ಕೊಳ್ಳುವವರು ಅಪ್ಪರ್ ಸರ್ಕಲ್ಲಿನ ನಡುಭಾಗವನ್ನು ಹುಡುಕಬೇಕು. ಎತ್ತರವಾದರೂ ಇಡೀ ರಂಗ ಕಾಣಿಸುತ್ತದೆ. ಸ್ಟಾಲ್ಸಿನ ಅಂಚಿಗಿಂತ ಅದು ಎಷ್ಟೋ ಮೇಲು.

ಕಥೆಯನ್ನು ಓದಿಕೊಂಡೇ ಹೋಗಿ

ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿಗೆ ಬಂದ ನಮ್ಮ ಕಡೆಯ ಮಕ್ಕಳು ನಾಟಕದ ಮಾತು ತಿಳಿಯದೇನೋ ಎಂದು ಹಿಂಜರಿಯುತ್ತಾರೆ. ಷೇಕ್ಸ್‌ಪಿಯರನ ನಾನ್ನೂರು ವರ್ಷ ಹಳೆಯ ಇಂಗ್ಲಿಷು ಅಲ್ಲಿಯವರಿಗೂ ಸುಲಭವಲ್ಲ. ಪಾರಿಜಾತ ನೋಡಲು ಕೂತ ನಮ್ಮ ಹಿರಿಯರಲ್ಲಿ ಕಥೆ ಗೊತ್ತಿಲ್ಲದವರು ಒಬ್ಬರೂ ಇರುತ್ತಿರಲಿಲ್ಲ. ಹೂವು ಯಾರಿಗೆ ಸಿಗುತ್ತದೆಂಬ ಕುತೂಹಲಕ್ಕಲ್ಲ, ಸತ್ಯಭಾಮೆ ಈ ಸಲ ಹೇಗೆ ಮುನಿಯುತ್ತಾಳೆಂಬುದನ್ನು ನೋಡಲು ಅವರು ಬರುತ್ತಿದ್ದರು. ಅದೇ ರೀತಿಯಲ್ಲಿ ಇಲ್ಲಿಯೂ ಹೋಗಬೇಕು. ಅಂಕಗಳ ಸಾರಾಂಶವನ್ನು ಹಿಂದಿನ ರಾತ್ರಿ ಎರಡು ಸಲ ಓದಿ, ಪಾತ್ರಗಳ ಹೆಸರನ್ನೂ ಸಂಬಂಧವನ್ನೂ ಬರೆದುಕೊಳ್ಳಿ. ಕನ್ನಡ ಅನುವಾದ ಸಿಕ್ಕರೆ ಊರಿನಿಂದಲೇ ಒಯ್ಯಿರಿ. ಕಥೆ ಗೊತ್ತಿದ್ದಾಗ ಕಿವಿ ಅರ್ಧ ಹಿಡಿದರೂ ಉಳಿದರ್ಧವನ್ನು ನಟನ ಮೈ ತಿಳಿಸುತ್ತದೆ. ಇದಲ್ಲದೆ ದೊಡ್ಡ ರಂಗಮಂದಿರಗಳು ಕೆಲವು ದಿನ ಸಂಭಾಷಣೆಯನ್ನು ಅಕ್ಷರದಲ್ಲಿ ತೋರಿಸುವ ಪ್ರದರ್ಶನಗಳನ್ನು ಇಡುತ್ತವೆ. ಅವು ಕಿವಿ ಕೇಳದವರಿಗಾಗಿ ಏರ್ಪಟ್ಟಿದ್ದರೂ ಯಾರು ಬೇಕಾದರೂ ಟಿಕೆಟ್ ಕೊಳ್ಳಬಹುದು.

ವಸತಿ ಮತ್ತು ಓಡಾಟ

ಗೆಳೆಯರ ಕೋಣೆ ಸಿಕ್ಕರೆ ಉತ್ತಮ, ಇಲ್ಲದಿದ್ದರೆ ಯೂತ್ ಹಾಸ್ಟೆಲ್. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ; ಒಂದು ತಾಸಿನೊಳಗೆ ಎಷ್ಟು ಬಸ್ಸು ಬದಲಾಯಿಸಿದರೂ ಒಂದೇ ಪ್ರಯಾಣದ ದರ. ಮೆಟ್ರೊದಲ್ಲಿ ಹೋಗುವಾಗಲೂ ಹೊರಬರುವಾಗಲೂ ಅದೇ ಕಾರ್ಡನ್ನು ಮುಟ್ಟಿಸಬೇಕು, ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಲಂಡನ್ನಿನಲ್ಲೇ ಓದುವವರಿಗೆ ವಿದ್ಯಾರ್ಥಿ ಆಯ್ಸ್ಟರ್ ಕಾರ್ಡಿನಿಂದ ವಾರದ ಮತ್ತು ತಿಂಗಳ ಪಾಸಿನಲ್ಲಿ ಶೇ 30 ರಿಯಾಯಿತಿ ಸಿಗುತ್ತದೆ. ಬೇರೆ ಊರಿನಿಂದ ಬರುವವರು 16–25 ರೈಲ್‌ಕಾರ್ಡ್ ಮಾಡಿಸಿದರೆ ರೈಲಿನ ಟಿಕೆಟ್ಟಿನಲ್ಲಿ ಮೂರನೆಯ ಒಂದು ಭಾಗ ಉಳಿಯುತ್ತದೆ. ಪೂರ್ಣಾವಧಿ ವಿದ್ಯಾರ್ಥಿಗಳಾದರೆ 25 ದಾಟಿದವರಿಗೂ ಈ ರೈಲ್‌ಕಾರ್ಡ್ ಕೊಡುತ್ತಾರೆ. ನಾಟಕ ಬಿಡುವುದು ರಾತ್ರಿ 10ರ ನಂತರ; ಅಷ್ಟು ಹೊತ್ತಿನಲ್ಲಿ ಬೀದಿಬದಿಯಲ್ಲಿ ನಿಂತು ಮೊಬೈಲಿನಲ್ಲಿ ದಾರಿ ಹುಡುಕಬೇಡಿ, ಸೈಕಲ್ಲಿನಲ್ಲಿ ಬಂದು ಕಸಿದುಕೊಂಡು ಹೋಗುವವರಿದ್ದಾರೆ. ದಾರಿಯನ್ನು ಒಳಗೇ ನೋಡಿಕೊಂಡು ಹೊರಡಿ.

ಸೋಮವಾರ

ಬಂದಿಳಿದ ದಿನ. ಮಧ್ಯಾಹ್ನ ಟ್ರಾಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯಲ್ಲಿ ಎರಡು ತಾಸು ಕಳೆಯಿರಿ, ಪ್ರವೇಶ ಉಚಿತ. ಅಲ್ಲಿಂದ ಲೆಸ್ಟರ್ ಸ್ಕ್ವೇರ್ ಕೂಗಳತೆಯ ದೂರ. ಆ ರಾತ್ರಿಗೆ ಹಾಡು ಕುಣಿತದ ನಾಟಕವನ್ನು ಆರಿಸಿಕೊಂಡರೆ ಪ್ರಯಾಣದ ದಣಿವಿನಲ್ಲೂ ನಿದ್ದೆ ಬರುವುದಿಲ್ಲ. ಪ್ರದರ್ಶನ ಸಾಮಾನ್ಯವಾಗಿ 7:30ಕ್ಕೆ. ತಡವಾಗಿ ಬಂದವರನ್ನು ತಕ್ಕ ವಿರಾಮ ಬರುವವರೆಗೆ ಒಳಗೆ ಬಿಡುವುದಿಲ್ಲ. ಅರ್ಧ ತಾಸು ಮೊದಲೇ ಹೋಗಿ, ದೊಡ್ಡ ಚೀಲ ಒಯ್ಯಬೇಡಿ.

ಮಂಗಳವಾರ

ಈ ದಿನ ಬ್ರಿಟಿಷ್ ಮ್ಯೂಸಿಯಮ್‌ಗೆ. ಪ್ರವೇಶ ಉಚಿತವಾದರೂ ಸಮಯವನ್ನು ಮೊದಲೇ ಕಾಯ್ದಿರಿಸಿಕೊಂಡರೆ ಸಾಲು ತಪ್ಪುತ್ತದೆ. ಎಲ್ಲವನ್ನೂ ನೋಡುವ ಆಸೆ ಬಿಟ್ಟು ನಮ್ಮ ಸೀಮೆಗೆ ನಂಟಿರುವ ಒಂದು ಕೋಣೆಯನ್ನು ನಿಧಾನವಾಗಿ ನೋಡಿ. ಅದು ಅಮರಾವತಿಯ ಶಿಲ್ಪಗಳ ಗಾಜಿನ ಕೋಣೆ. ಅಥಣಿ, ಜಮಖಂಡಿ ತಾಲೂಕುಗಳನ್ನು ತೋಯಿಸಿ, ಆಲಮಟ್ಟಿಯಲ್ಲಿ ನಿಂತು, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಸಿಕೊಂಡು ಮುಂದೆ ಹರಿಯುವ ನಮ್ಮ ಕೃಷ್ಣೆಯ ದಂಡೆಯಲ್ಲೇ, ಬಹಳ ಕೆಳಗೆ ಆಂಧ್ರದಲ್ಲಿ, ಆ ಬೌದ್ಧ ಸ್ತೂಪವಿತ್ತು. 1845ರಲ್ಲಿ ಅದರ ಕಲ್ಲುಗಳನ್ನು ಅಗೆಸಿ ಮದ್ರಾಸಿಗೆ ಸಾಗಿಸಿದ ಅಧಿಕಾರಿ ವಾಲ್ಟರ್ ಎಲಿಯಟ್. ಈತ ಮತ್ತಾರೂ ಅಲ್ಲ, 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಮುಂದೆ ಕನ್ನಡ ಶಾಸನಗಳನ್ನು ಸಂಗ್ರಹಿಸಿ ಚಾಲುಕ್ಯರ ಚರಿತ್ರೆಯನ್ನು ಬೆಳಕಿಗೆ ತಂದವರ ಮೊದಲ ಸಾಲಿನಲ್ಲಿ ಅವನ ಹೆಸರಿದೆ. ಕಿತ್ತೂರಿನ ಕೋಟೆಯನ್ನು ನೋಡಿದವರಿಗೆ ಆ ಕೋಣೆಯಲ್ಲಿ ನಿಂತಾಗ ಈ ಸಂಗತಿ ನೆನಪಿರಬೇಕು ಎಂಬುದು ನನ್ನ ಬಯಕೆ. ಅದೇ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ಕೈಯಲ್ಲಿ ಚಿಟಿಕೆ ತಾಳ ಹಿಡಿದು ನಿಂತ ಪ್ರಸಿದ್ಧ ಚಿತ್ರವೂ ಇದೆ. ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಮಾಸುವುದರಿಂದ ಅವನ್ನು ಸದಾ ಗೋಡೆಯ ಮೇಲೆ ಇಡುವುದಿಲ್ಲ. ಪ್ರದರ್ಶನದಲ್ಲಿ ಇದೆಯೇ ಎಂಬುದನ್ನು ಅವರ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಸಂಜೆ ಥೇಮ್ಸ್ ನದಿಯ ದಕ್ಷಿಣ ದಂಡೆಯ ನ್ಯಾಷನಲ್ ಥಿಯೇಟರ್. 1976ರಲ್ಲಿ ತೆರೆದ ಈ ಕಾಂಕ್ರೀಟಿನ ಕಟ್ಟಡದಲ್ಲಿ ಮೂರು ರಂಗಮಂದಿರಗಳಿವೆ. ಟಿಕೆಟ್ ಇಲ್ಲದವರೂ ಹಗಲು ಹೊತ್ತು ಅದರ ಮೊಗಸಾಲೆಯಲ್ಲಿ ಕೂತು ಓದಬಹುದು. ಕಾಲು ನೊಂದಾಗ ಹಣ ಕೊಡದೆ ಕೂರುವ ಜಾಗ ಆ ಊರಿನಲ್ಲಿ ಎಷ್ಟು ಅಪರೂಪವೆಂಬುದು ಎರಡನೆಯ ದಿನದ ಹೊತ್ತಿಗೆ ತಿಳಿದಿರುತ್ತದೆ.

ಬುಧವಾರ

ಬೆಳಿಗ್ಗೆ ವೆಸ್ಟ್‌ಮಿನ್‌ಸ್ಟರ್. ಸಂಸತ್ತಿನ ಅಧಿವೇಶನ ನಡೆಯುತ್ತಿದ್ದರೆ ಸಾರ್ವಜನಿಕರ ಗ್ಯಾಲರಿಯಲ್ಲಿ ಕೂತು ಚರ್ಚೆಯನ್ನು ಉಚಿತವಾಗಿ ನೋಡಬಹುದು. ಬುಧವಾರದ ಪ್ರಧಾನಿ ಪ್ರಶ್ನೋತ್ತರಕ್ಕೆ ಮಾತ್ರ ಬೇರೆ ಟಿಕೆಟ್ ಇರುವುದರಿಂದ ಅದು ಮುಗಿದ ಮೇಲೆ ಹೋಗಿ. ನಂತರ ಸೇತುವೆ ದಾಟಿ, ನದಿಯ ಆಚೆ ದಂಡೆಯಲ್ಲಿ ಬಲಕ್ಕೆ ತಿರುಗಿ ನಡೆಯಿರಿ. ಕೊರೊನಾದಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದನೆಯ ಗೋಡೆ ಸಿಗುತ್ತದೆ. ಅದನ್ನು ದಾಟಿ, ಲ್ಯಾಂಬೆತ್ ಸೇತುವೆಯಿಂದ ಆಚೆಗಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಗೆ ಬಂದರೆ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರನ್ನು ಥೇಮ್ಸ್ ದಂಡೆಯಲ್ಲಿ ಕಂಡಾಗ ನನಗೆ ಮೊದಲು ನೆನಪಾದದ್ದು ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು. ಬಸವಣ್ಣನ ಪಾತ್ರವನ್ನು ಅವರು ಅದೆಷ್ಟು ಊರುಗಳಲ್ಲಿ ಅಭಿನಯಿಸಿದರೆಂದರೆ ನಮ್ಮ ಹಿರಿಯರ ಕಣ್ಣಿಗೆ ಬಸವಣ್ಣ ಎಂದರೆ ಬಾಳಪ್ಪನವರ ಮುಖವೇ ಆಗಿತ್ತು. ಈ ಪ್ರತಿಮೆ ಪ್ರವಾಸಿಗರ ಸಾಮಾನ್ಯ ನಕ್ಷೆಗಳಲ್ಲಿ ಎದ್ದು ಕಾಣುವುದಿಲ್ಲ, ನೀವೇ ಗುರುತು ಹಾಕಿಕೊಂಡು ಹೋಗಬೇಕು.

ಆ ರಾತ್ರಿಗೆ ನಾಟಕ ಇಟ್ಟುಕೊಳ್ಳಬೇಡಿ. ಬಟ್ಟೆ ಒಗೆದು, ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಉಂಡು ನಾಳೆಯ ಕಥೆ ಓದಿಕೊಳ್ಳಿ. (ರೊಟ್ಟಿ, ಚಟ್ನಿ ತರಬಹುದು, ಹಾಲಿನಿಂದ ಮಾಡಿದ ಪದಾರ್ಥಗಳನ್ನು ಭಾರತದಿಂದ ಒಯ್ಯಲು ಅಲ್ಲಿಯ ನಿಯಮ ಬಿಡುವುದಿಲ್ಲವಾದ್ದರಿಂದ ಬೆಳಗಾವಿಯ ಕುಂದಾವನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ.)

ಗುರುವಾರ

ವಾರದ ನಡುಗಂಬ ಇದೇ. ಬೆಳಿಗ್ಗೆ ಸೇಂಟ್ ಪಾಲ್ಸ್ ಕೆಥೆಡ್ರಲ್. 1666ರ ಮಹಾ ಬೆಂಕಿಯಲ್ಲಿ ಹಳೆಯ ಚರ್ಚು ನಾಶವಾದ ಮೇಲೆ ಕ್ರಿಸ್ಟಫರ್ ರೆನ್ನನ ಯೋಜನೆಯಂತೆ 1675ರಲ್ಲಿ ಇದರ ಕಟ್ಟಡ ಆರಂಭವಾಯಿತು. ನಮ್ಮ ಗೋಲಗುಮ್ಮಟ 1656ರ ಹೊತ್ತಿಗೇ ಮುಗಿದಿತ್ತು. ಎರಡರಲ್ಲೂ ಪಿಸುಮಾತು ಗೋಡೆಯ ಗುಂಟ ಹರಿದು ಎದುರು ಬದಿಗೆ ಕೇಳಿಸುವ ಗ್ಯಾಲರಿಯಿದೆ. ಆದರೆ ರಚನೆ ಬೇರೆ ಬೇರೆ: ಸೇಂಟ್ ಪಾಲ್ಸ್‌ನ ಹೊರಗೆ ಕಾಣುವ ಗುಮ್ಮಟ ಮರದ ಚೌಕಟ್ಟಿನ ಮೇಲೆ ಸೀಸದ ಹೊದಿಕೆ, ಒಳಗೆ ಕಾಣುವುದು ಇಟ್ಟಿಗೆಯ ಇನ್ನೊಂದು ಗುಮ್ಮಟ, ಇವೆರಡರ ನಡುವೆ ಭಾರ ಹೊರಲು ಇಟ್ಟಿಗೆಯ ಶಂಕು. ಗೋಲಗುಮ್ಮಟದಲ್ಲಿ ಒಳಗೂ ಹೊರಗೂ ಒಂದೇ ಗುಮ್ಮಟ, ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ನಡುವೆ ಒಂದೂ ಕಂಬವಿಲ್ಲದೆ ನಿಂತಿದೆ. ಇದನ್ನು ತಿಳಿದು ತಲೆಯೆತ್ತಿ ನೋಡಿದರೆ ಎರಡರ ಮೇಲೂ ಗೌರವ ಹೆಚ್ಚುತ್ತದೆ. ತುದಿಯವರೆಗೆ 528 ಮೆಟ್ಟಿಲು. ಯಾವ ಗ್ಯಾಲರಿ ತೆರೆದಿದೆಯೆಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಟಿಕೆಟ್ ದುಬಾರಿ ಎನಿಸಿದರೆ ಸಂಜೆಯ ಪ್ರಾರ್ಥನೆಗೆ ಬಂದು ಕೂರಬಹುದು, ಅದಕ್ಕೆ ಹಣವಿಲ್ಲ.

ಎದುರಿಗೇ ಕಾಲುಸೇತುವೆ. ಅದನ್ನು ದಾಟಿದರೆ ಎಡಕ್ಕೆ ಗ್ಲೋಬ್. 1599ರಲ್ಲಿ ಕಟ್ಟಿದ ಮೂಲ ಗ್ಲೋಬ್ 1613ರಲ್ಲಿ ನಾಟಕ ನಡೆಯುತ್ತಿದ್ದಾಗಲೇ, ರಾಜನ ಪ್ರವೇಶಕ್ಕೆ ಹಾರಿಸಿದ ತೋಪಿನ ಕಿಡಿ ಹುಲ್ಲಿನ ಮಾಡಿಗೆ ತಾಗಿ ಸುಟ್ಟುಹೋಯಿತು. ಈಗಿನದು ಅದರ ಸಮೀಪದಲ್ಲೇ ಹಳೆಯ ಮಾದರಿಯಂತೆ ಕಟ್ಟಿ 1997ರಲ್ಲಿ ತೆರೆದದ್ದು. ಅಮೆರಿಕದ ನಟ ಸ್ಯಾಮ್ ವಾನಮೇಕರ್ ಅದಕ್ಕಾಗಿ ದಶಕಗಟ್ಟಲೆ ದುಡಿದು, ಪೂರ್ತಿಯಾಗುವುದನ್ನು ನೋಡದೆ 1993ರಲ್ಲಿ ತೀರಿಕೊಂಡ.

ನಿಲ್ಲುವ ಟಿಕೆಟ್ಟಿನವರಿಗೆ ರಂಗದ ಮುಂದಿನ ತೆರೆದ ಅಂಗಳ. ನಮ್ಮ ಕಂಪನಿ ನಾಟಕದ ನೆಲದ ಟಿಕೆಟ್ಟು ಇದು, ಕೂರಲು ಮಾತ್ರ ಬಿಡುವುದಿಲ್ಲ. ಮಳೆ ಬಂದರೂ ನಾಟಕ ನಿಲ್ಲದು. ಹಿಂದಿನವರಿಗೆ ಅಡ್ಡವಾಗುವುದರಿಂದ ಕೊಡೆ ಬಿಚ್ಚುವಂತಿಲ್ಲ, ಮಳೆಯಂಗಿ ಒಯ್ಯಬೇಕು. ಮುಂಚೆ ಹೋಗಿ ರಂಗದ ಅಂಚಿಗೆ ಮೊಳಕೈ ಊರಿ ನಿಲ್ಲುವ ಜಾಗ ಹಿಡಿಯಿರಿ. ಮೂರು ತಾಸು ನಿಲ್ಲುವವರಿಗೆ ಅದೇ ಆಸರೆ. ಬೆಳಿಗ್ಗೆ ಮೆಟ್ಟಿಲು ಹತ್ತಿದ್ದರೆ ಮಧ್ಯಾಹ್ನ ಎರಡು ತಾಸು ಕಾಲಿಗೆ ವಿಶ್ರಾಂತಿ ಕೊಟ್ಟೇ ಬನ್ನಿ. ಬೇರೆ ರಂಗಮಂದಿರಗಳಲ್ಲಿ ಪ್ರೇಕ್ಷಕರು ಉಸಿರು ಬಿಗಿಹಿಡಿದು ಕೂರುತ್ತಾರೆ. ಇಲ್ಲಿ ಹಾಗಲ್ಲ. ನಟರು ಅಂಗಳದವರನ್ನು ನೋಡಿ ಮಾತಾಡುತ್ತಾರೆ, ಜನರ ನಡುವೆ ದಾರಿ ಮಾಡಿಕೊಂಡು ರಂಗ ಏರುತ್ತಾರೆ, ಜನ ಕೂಗಿದರೆ ಅದಕ್ಕೆ ಉತ್ತರಿಸುತ್ತಾರೆ. ವನ್ಸ್ ಮೋರ್ ಎಂದು ಕೂಗಿ ಹಾಡನ್ನು ಮತ್ತೆ ಹಾಡಿಸಿಕೊಳ್ಳುವ ಜನರ ನಡುವೆ ಬೆಳೆದ ನನಗೆ, ಆ ದೇಶದಲ್ಲಿ ಪರಕೀಯ ಎನಿಸದ ಮೊದಲ ಜಾಗ ಆ ಅಂಗಳವೇ ಆಗಿತ್ತು.

ಶುಕ್ರವಾರ

ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಆದ್ದರಿಂದ ಬೆಳಿಗ್ಗೆ ತಡವಾಗಿ ಏಳಬಹುದು. ಟಿಪ್ಪುವಿನ ಹುಲಿ ಇರುವುದು ಇದೇ ಸಂಗ್ರಹದಲ್ಲಿ. ಗ್ಯಾಲರಿಗಳನ್ನು ದುರಸ್ತಿಗಾಗಿ ಮುಚ್ಚುವುದುಂಟಾದ್ದರಿಂದ ವಿಚಾರಿಸಿಕೊಂಡು ಹೋಗಿ. ಹೆಚ್ಚಿನವರು ನೋಡದೆ ಬರುವ ರಂಗಭೂಮಿ ವಿಭಾಗವನ್ನು ಮಾತ್ರ ಬಿಡಬೇಡಿ, ಉಡುಪು, ರಂಗಸಜ್ಜಿಕೆಯ ಮಾದರಿ, ಹಳೆಯ ಭಿತ್ತಿಪತ್ರಗಳೆಲ್ಲ ಅಲ್ಲಿವೆ.

ಶನಿವಾರ

ಷೇಕ್ಸ್‌ಪಿಯರನ ಊರಾದ ಸ್ಟ್ರಾಟ್‌ಫರ್ಡ್ ಅಪಾನ್ ಏವನ್‌ಗೆ ಲಂಡನ್ನಿನ ಮೇರಿಲಬೋನ್ ನಿಲ್ದಾಣದಿಂದ ಎರಡು ತಾಸಿಗಿಂತ ತುಸು ಹೆಚ್ಚಿನ ಪ್ರಯಾಣ. ಅವನು 1564ರಲ್ಲಿ ಹುಟ್ಟಿದ ಮನೆ ಹೆನ್ಲಿ ಬೀದಿಯಲ್ಲಿದೆ, 1616ರಲ್ಲಿ ಅವನನ್ನು ಹೂಳಿದ ಚರ್ಚು ನದಿಯ ದಂಡೆಯಲ್ಲಿದೆ. ನಡುವಿನ ದಾರಿಯಲ್ಲಿ ರಾಯಲ್ ಷೇಕ್ಸ್‌ಪಿಯರ್ ಕಂಪನಿಯ ರಂಗಮಂದಿರಗಳು. ರಾತ್ರಿಯ ಆಟಕ್ಕೆ ಟಿಕೆಟ್ ಕೊಂಡರೆ ಲಂಡನ್ನಿಗೆ ಮರಳುವ ರೈಲು ತಪ್ಪುವ ಸಂಭವವಿದೆ, ಮಧ್ಯಾಹ್ನದ ಆಟವನ್ನೇ ನೋಡಿ. ಹಣವೋ ಶಕ್ತಿಯೋ ಸಾಲದಿದ್ದರೆ ಈ ದಿನವನ್ನು ಬಿಟ್ಟು, ಲಂಡನ್ನಿನಲ್ಲೇ ಮತ್ತೊಮ್ಮೆ ಗ್ಲೋಬ್‌ಗೆ ಹೋಗುವುದರಲ್ಲಿ ನಷ್ಟವಿಲ್ಲ.

ಭಾನುವಾರ

ಹಲವು ರಂಗಮಂದಿರಗಳಿಗೆ ಈ ದಿನ ಬಿಡುವು. ಗ್ರೀನಿಚ್‌ಗೆ ಹೋಗಿ ಉದ್ಯಾನದ ಗುಡ್ಡ ಹತ್ತಿ ಕೂತರೆ ನದಿಯೂ ಇಡೀ ಊರೂ ಕಾಣಿಸುತ್ತವೆ. ವಾರವೆಲ್ಲ ನೋಡಿದ ನಾಟಕಗಳ ಬಗ್ಗೆ ಬರೆದಿಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ. ನಟರ ಹೆಸರು, ಕುಳಿತ ಆಸನದ ಸಂಖ್ಯೆ, ಮನಸ್ಸಿನಲ್ಲಿ ನಿಂತ ಒಂದು ದೃಶ್ಯ, ಇಷ್ಟನ್ನಾದರೂ ಕನ್ನಡದಲ್ಲಿ ಬರೆಯಿರಿ. ಬೇಸಿಗೆಯಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ತಾಸು ಹಿಂದಿರುವುದರಿಂದ ಮನೆಗೆ ಫೋನ್ ಮಾಡುವುದನ್ನು ಸಂಜೆ 4 ಗಂಟೆಯೊಳಗೆ ಇಟ್ಟುಕೊಳ್ಳಿ. ಆಗ ಊರಲ್ಲಿ ರಾತ್ರಿ ಎಂಟೂವರೆ, ಊಟ ಮುಗಿಸಿದ ಅಜ್ಜಿ ಇನ್ನೂ ಮಲಗಿರುವುದಿಲ್ಲ, ನಾಟಕದ ಕಥೆಯನ್ನು ಪೂರ್ತಿ ಕೇಳುತ್ತಾರೆ.